ಸಾವ್ಕಾರ ಕೈ ಒಡ್ಡಿದ ದಿನ

ತಾಯಂದಿರೇ, ಶರಣ ಬಂಧುಗಳೇ, ನಿನ್ನೆ ಇದೇ ಮಂಟಪದಲ್ಲಿ, ಪ್ರವಚನದ ಹೊತ್ತಿಗೆ, ಒಂದು ತಪ್ಪು ನಡೆಯಿತು. ಯಾರಿಂದ ನಡೆಯಿತು, ಏನು ನಡೆಯಿತು ಅನ್ನುವುದನ್ನು ಕೊನೆಗೆ ಹೇಳುತ್ತೇನೆ. ಈಗಲೇ ಹೇಳಿಬಿಟ್ಟರೆ ನೀವೆಲ್ಲ ಪಕ್ಕದವರ ಮುಖ ನೋಡುತ್ತ ಕೂಡುತ್ತೀರಿ, ಕಥೆ ಯಾರೂ ಕೇಳುವುದಿಲ್ಲ. ಅದಕ್ಕೇ ಕಥೆ ಮೊದಲು.

ಸಂತೆ ಕೂಡುವಂಥ ದೊಡ್ಡ ಊರು. ಆ ಊರಿಗೊಬ್ಬ ಸಾವ್ಕಾರ. ಎಣ್ಣೆ ಗಿರಣಿ, ಪೇಟೆಯಲ್ಲಿ ಎರಡು ಅಂಗಡಿ, ತುಂಬಿದ ಮನೆ. ಜಿಪುಣನೇ? ಅಲ್ಲ. ನೋಡಿ, ಕಥೆಯಲ್ಲಿ ಸಾವ್ಕಾರ ಬಂದ ಅಂದಕೂಡಲೇ ನೀವು ಅವನನ್ನು ಜಿಪುಣ ಮಾಡಿಬಿಡುತ್ತೀರಿ. ಕೊಡುವುದರಲ್ಲಿ ಇವನದು ಎತ್ತಿದ ಕೈ. ಬಸ್ ಸ್ಟ್ಯಾಂಡಿನ ಕಲ್ಲುಬೆಂಚು ಅವನು ಕೊಟ್ಟದ್ದು, ಸ್ಮಶಾನದ ತಗಡಿನ ಚಪ್ಪರ ಅವನು ಕೊಟ್ಟದ್ದು, ಸರ್ಕಾರಿ ಶಾಲೆಯ ಮಕ್ಕಳು ಬಿಸಿಯೂಟ ಉಣ್ಣುವ ಸ್ಟೀಲ್ ತಟ್ಟೆಗಳೂ ಅವನು ಕೊಟ್ಟದ್ದೇ. ಆದರೆ ಒಂದು ಚಟ. ಕೊಟ್ಟದ್ದರ ಮೇಲೆ ಹೆಸರಿರಬೇಕು. ಬೆಂಚಿನ ಬೆನ್ನಿಗೆ ಹೆಸರು, ಚಪ್ಪರದ ಹಣೆಗೆ ಹೆಸರು, ತಟ್ಟೆಯ ನಡುವೆ ಹೆಸರು. ಅನ್ನ ಸಾರು ಮುಗಿದ ಮೇಲೆ ಮಕ್ಕಳಿಗೆ ಕಾಣುವುದು ಇವನ ಹೆಸರೇ. ಹೆಸರು ಕೆತ್ತಿಸದೆ ಅವನು ಧಾರಾಳವಾಗಿ ಕೊಡುತ್ತಿದ್ದದ್ದು ಒಂದೇ, ಮನೆಯವರಿಗೆ ಬೈಗುಳ.

ಅವನ ಬಾಯಲ್ಲಿ ಒಂದು ಮಾತು ಸದಾ ಇರುತ್ತಿತ್ತು. "ನಮ್ದು ಕೊಡೂ ಮನೆತನ. ಇಸ್ಕೊಳ್ಳೂ ಮನೆತನ ಅಲ್ಲ." ಈ ಮಾತನ್ನು ಗಂಟು ಹಾಕಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈ ಸಾವ್ಕಾರನಿಗೆ ಒಬ್ಬಳೇ ಮೊಮ್ಮಗಳು. ಆರು ವರ್ಷದ ಕೂಸು. ಹುಟ್ಟಿದಾಗ ತನ್ನ ತಾಯಿಯ ಹೆಸರನ್ನೇ ಇಟ್ಟಿದ್ದ, ತೊಟ್ಟಿಲಿಗೆ ಬೆಳ್ಳಿ ಸರಪಳಿ ಕಟ್ಟಿಸಿದ್ದ. ಕೂಸು ಬೆಳೆಯಿತು, ಮಾತು ಬರಲಿಲ್ಲ. ಕರೆದರೆ ತಿರುಗುವುದಿಲ್ಲ. ಎತ್ತಿಕೊಂಡರೆ ಕೊಸರಿಕೊಳ್ಳುತ್ತದೆ. ಡಬ್ಬಿಯ ಮುಚ್ಚಳ ಸಿಕ್ಕರೆ ಸಾಕು, ಒಂದು ತಾಸು ಅದನ್ನೇ ತಿರುಗಿಸುತ್ತ ಕೂಡುತ್ತದೆ. ಮಿಕ್ಸರ್ ಶಬ್ದ ಕೇಳಿದರೆ ಕಿವಿ ಮುಚ್ಚಿಕೊಂಡು ಚೀರುತ್ತದೆ, ತನ್ನ ಮುಂಗೈಯನ್ನು ತಾನೇ ಕಚ್ಚಿಕೊಳ್ಳುತ್ತದೆ. ದೊಡ್ಡ ಪೇಟೆಯ ಡಾಕ್ಟರು ಇದಕ್ಕೆ ಆಟಿಸಂ ಅನ್ನುತ್ತಾರೆ ಎಂದು ಚೀಟಿ ಬರೆದುಕೊಟ್ಟು ಕಳಿಸಿದ್ದರು. ಇದು ಜಡ್ಡಲ್ಲ, ಗುಳಿಗೆಯಿಂದ ಹೋಗುವುದಲ್ಲ, ಈ ಕೂಸು ಲೋಕವನ್ನು ಕಾಣುವ ಕೇಳುವ ರೀತಿಯೇ ಬೇರೆ, ಅದಕ್ಕೆ ತಕ್ಕಂತೆ ಕಲಿಸಬೇಕು ಅಂದಿದ್ದರು. ಸಾವ್ಕಾರ ಆ ಚೀಟಿಯನ್ನು ತಂದು ತಿಜೋರಿಯಲ್ಲಿಟ್ಟು ಬೀಗ ಹಾಕಿದ. ಕೀಲಿ ಉಡದಾರಕ್ಕೆ. ಕೇಳಿದವರಿಗೆ, "ನಮ್ಮ ಮನೆತನದಾಗ ಎಲ್ಲಾರಿಗೂ ಮಾತು ತಡಾನ" ಅನ್ನುತ್ತಿದ್ದ. ಮನೆಗೆ ಬೀಗರು ಬಿಜ್ಜರು ಬಂದರೆ ಸೊಸೆ ಕೂಸನ್ನು ಎತ್ತಿಕೊಂಡು ಮಾಳಿಗೆಯ ಕೋಣೆ ಸೇರಬೇಕು. ಹೋಗು ಅಂತ ಯಾರೂ ಹೇಳುತ್ತಿರಲಿಲ್ಲ. ಸಾವ್ಕಾರ ಒಮ್ಮೆ ಮೇಲೆ ನೋಡಿದರೆ ಸಾಕಾಗಿತ್ತು.

ಯಾಕೆ ಅಂತೀರಾ? ಕಿರಿಯ ಮಗಳ ಮದುವೆ ಇನ್ನೂ ಆಗಿರಲಿಲ್ಲ. ದೊಡ್ಡ ಮನೆತನದ ಸಂಬಂಧ ಬಂದಿತ್ತು. ಈಗ ಯಾರಾದರೂ ಎದೆ ಮುಟ್ಟಿಕೊಂಡು ಹೇಳಿ, ಈ ಲೆಕ್ಕಾಚಾರ ನಮ್ಮ ನಿಮ್ಮ ಮನೆಯಲ್ಲಿ ನಡೆದೇ ಇಲ್ಲವೇ?

ಸೊಸೆ ಮಾಸ್ತರರ ಮಗಳು. ಮಾತು ಕಡಿಮೆ, ಗಟ್ಟಿ ಜೀವ. ಅಂಗನವಾಡಿಯವಳಿಂದ ಅವಳಿಗೊಂದು ಸುದ್ದಿ ತಿಳಿಯಿತು. ಸರ್ಕಾರಿ ಶಾಲೆಯ ಹಿಂದಿನ ಕೋಣೆಯಲ್ಲಿ ಮಂಗಳವಾರ ಮತ್ತು ಶುಕ್ರವಾರ ಒಂದು ಕೇಂದ್ರ ನಡೆಯುತ್ತದೆ. ಇಂಥ ಮಕ್ಕಳಿಗೆ ಕಲಿಸುವ ಅಕ್ಕೋರು ಬರುತ್ತಾರೆ. ಸರ್ಕಾರದ್ದು, ಯಾರೂ ಏನೂ ಕೊಡಬೇಕಾಗಿಲ್ಲ. ವರ್ಷಕ್ಕೊಮ್ಮೆ ಜಿಲ್ಲೆಯಿಂದ ಡಾಕ್ಟರು ಬಂದು ಮಕ್ಕಳನ್ನು ನೋಡಿ ಗುರುತಿನ ಚೀಟಿ ಮಾಡಿಕೊಡುತ್ತಾರೆ. ಆ ಚೀಟಿ ಇದ್ದರೆ ಶಾಲೆಯಲ್ಲಿ ನೆರವು, ಜಿಲ್ಲೆಯ ಕೇಂದ್ರದಲ್ಲಿ ಮಾತಿನ ತರಬೇತಿ, ಹೋಗಿಬರಲು ಬಸ್ ಪಾಸು. ಶಿಬಿರಕ್ಕೆ ಕೂಸಿನ ಹೆಸರು ಬರೆಸಬೇಕು, ಕಾಗದ ಪತ್ರ ಬೇಕು. ಕಾಗದ ಎಲ್ಲಿದೆ? ತಿಜೋರಿಯಲ್ಲಿ.

ಒಂದು ಮುಂಜಾನೆ ಚಹಾ ಕೊಡುತ್ತ ಸೊಸೆ ಕೇಳಿದಳು.

"ಮಾವಾರ, ಕೂಸಿನ ಜನ್ಮದಾಖಲೆ, ಆ ಡಾಕ್ಟರ ಚೀಟಿ ಬೇಕಾಗಿತ್ತರಿ. ಶಿಬಿರಕ್ಕ ಹೆಸರು ಬರಸಬೇಕರಿ. ಈ ವರ್ಷ ತಪ್ಪಿದ್ರ ಮತ್ತ ಮುಂದಿನ ವರ್ಷಾನ ಅಂತ. ಅಕ್ಕೋರು ಅಂದ್ರು, ಕೂಸಿನ ಈ ವಯಸ್ಸು ಮತ್ತ ಬರೂದಿಲ್ಲಂತ."

ಸಾವ್ಕಾರ ಬಟ್ಟಲು ಕೆಳಗಿಟ್ಟ. "ನನ್ನ ಅವ್ವನ ಹೆಸರನ್ನ ಸರ್ಕಾರದ ದಫ್ತರದಾಗ ಬರಸ್ತೀ ಏನವಾ? ಒಮ್ಮೆ ಬರದದ್ದು ಅಳಸಾಕ ಬರೂದಿಲ್ಲ. ನಾಳೆ ಬೀಗರ ಕಿವಿಗೆ ಬಿದ್ರ? ಮತ್ತ, ಅಲ್ಲಿ ಪುಗಸಟ್ಟೆ ಕೊಡ್ತಾರಂತ ನಾವು ಪಾಳಿ ಹಚ್ಚೂದಾ? ನಮ್ದು ಕೊಡೂ ಮನೆತನ."

ಗಂಟು ಹಾಕಿ ಇಟ್ಟುಕೊಂಡಿರಲ್ಲ, ಆ ಮಾತು ಇದೇ. ಸೊಸೆ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು. ಆದರೆ ಕೂಸನ್ನು ಕೇಂದ್ರಕ್ಕೆ ಕರೆದುಕೊಂಡು ಹೋಗುವುದನ್ನು ಮಾತ್ರ ಬಿಡಲಿಲ್ಲ. ಅಷ್ಟೊತ್ತಿಗಾಗಲೇ ಎರಡು ತಿಂಗಳಿಂದ ಹೋಗುತ್ತಿದ್ದಳು. ಸಾವ್ಕಾರ ಗಿರಣಿಗೆ ಹೋದ ಮೇಲೆ ಅತ್ತೆಯೇ ಹಿತ್ತಲ ಬಾಗಿಲು ತೆಗೆದು ಕಳಿಸುತ್ತಿದ್ದಳು. ಅತ್ತೆಗೆ ಗೊತ್ತಿತ್ತು, ಮಗನಿಗೆ ಗೊತ್ತಿತ್ತು, ಓಣಿಗೆ ಗೊತ್ತಿತ್ತು. ಗೊತ್ತಿಲ್ಲದ್ದು ಅವನೊಬ್ಬನಿಗೆ. ನೋಡಿ, ಮನೆಯ ಯಜಮಾನ ಅನ್ನಿಸಿಕೊಂಡವನ ಪಾಡು ಹೀಗೇ ಇರುತ್ತದೆ.

ಆ ಕೋಣೆಯಲ್ಲಿ ಏನು ನಡೆಯುತ್ತಿತ್ತು ಅನ್ನುವುದನ್ನು ಹೇಳುತ್ತೇನೆ, ಕಿವಿಗೊಟ್ಟು ಕೇಳಿ. ಒಂದು ಹರಕು ಜಮಖಾನೆ, ಒಂದು ಮೇಜು, ಗೋಡೆಗೆ ಸಾಲಾಗಿ ಅಂಟಿಸಿದ ಚಿತ್ರದ ಚೀಟಿಗಳು. ನೀರಿನ ಚಿತ್ರ, ರೊಟ್ಟಿಯ ಚಿತ್ರ, ಜೋಕಾಲಿಯ ಚಿತ್ರ. ಮಾತು ಬಾರದ ಕೂಸಿಗೆ ಚೀಟಿಯೇ ಮಾತು. ನೀರು ಬೇಕಾದರೆ ನೀರಿನ ಚೀಟಿ ಕಿತ್ತು ಅಕ್ಕೋರ ಕೈಯಲ್ಲಿಡಬೇಕು. ಇದ್ದಕ್ಕಿದ್ದಂತೆ ಕಲಿತೀತೇ? ಆ ಅಕ್ಕೋರು ಎರಡು ಬಸ್ ಬದಲಿಸಿ ಬರುವ ಹೆಣ್ಣುಮಗಳು. ತಾಲೂಕಿಗೆಲ್ಲ ಇಂಥ ಕೆಲಸಕ್ಕೆ ಇದ್ದವರು ಇಬ್ಬರೇ. ಕೂಸಿನ ಎದುರು ನೆಲದ ಮೇಲೆ ಕೂಡುತ್ತಿದ್ದರು. ಚೀಟಿ ತೋರಿಸುವುದು, ಕಾಯುವುದು. ಕೂಸು ಚೀಟಿ ಎಸೆಯುತ್ತಿತ್ತು. ಎದ್ದು ತಂದು ಮತ್ತೆ ತೋರಿಸುವುದು, ಮತ್ತೆ ಕಾಯುವುದು. ಒಂದು ದಿನವಲ್ಲ, ಒಂದು ವಾರವಲ್ಲ. ಅವರ ಮುಖದಲ್ಲಿ ಒಂದು ಗೆರೆ ಬೇಸರ ಕಾಣಲಿಲ್ಲ ಅಂತ ಸೊಸೆ ಮುಂದೆ ಹೇಳುತ್ತಿದ್ದಳು. ನಾವು ಜಪ ಮಾಡುತ್ತೇವೆ, ಹತ್ತು ನಿಮಿಷಕ್ಕೆ ಕಾಲು ಜುಮ್ಮೆನ್ನುತ್ತದೆ, ಗಡಿಯಾರ ನೋಡುತ್ತೇವೆ. ನಾನೂ ನೋಡುತ್ತೇನೆ, ಸುಳ್ಳು ಯಾಕೆ ಹೇಳಲಿ. ಆ ಅಕ್ಕೋರು ಕಾದರಲ್ಲ, ಅದು ಜಪ.

ಆ ಚೀಟಿಗಳಲ್ಲಿ ಒಂದು, ಕೆಂಪು ಹಾಳೆಯ ಮೇಲೆ ಬರೆದ ಅಂಗೈ. ಅದರ ಅರ್ಥ, ಸಾಕು. ತಡೆದುಕೊಳ್ಳಲು ಆಗುತ್ತಿಲ್ಲ, ನಿಲ್ಲಿಸಿ. ಎರಡನೆಯ ತಿಂಗಳ ಕೊನೆಗೆ ಒಂದು ದಿನ, ಆ ಕೋಣೆಯಲ್ಲೇ ಅವ್ವ ಬಲವಂತದಿಂದ ಉಪ್ಪಿಟ್ಟು ತಿನ್ನಿಸುತ್ತಿರುವಾಗ, ಕೂಸು ಹೋಗಿ ಗೋಡೆಯಿಂದ ಆ ಚೀಟಿ ಕಿತ್ತು ತಂದು ಅವ್ವನ ಕೈಯಲ್ಲಿಟ್ಟಿತು. ಅವಳು ಉಪ್ಪಿಟ್ಟು ಪಕ್ಕಕ್ಕಿಟ್ಟು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಬಹಳ ಹೊತ್ತು ತೆಗೆಯಲಿಲ್ಲ.

ಹೆಸರು ಬರೆಯದೆ ಹೇಗೆ ಸೇರಿಸಿಕೊಂಡರು ಅಂತ ಕೇಳಿದಿರಾ? ಅಕ್ಕೋರು ಅಂದಿದ್ದರು, "ಕೂಸನ್ನ ಕರಕೊಂಡು ಬಾ ತಂಗಿ. ರಿಜಿಸ್ಟರದಾಗ ಒಂದು ಸಾಲು ಖಾಲಿ ಬಿಟ್ಟಿರ್ತೀನಿ."

ಇತ್ತ ಸಾವ್ಕಾರನ ಮನಸ್ಸಿನಲ್ಲಿ ಏನು ನಡೆಯಿತು ನೋಡಿ. ಸೊಸೆಗೆ ಇಲ್ಲ ಅಂದದ್ದು ಒಳಗೆ ಚುಚ್ಚುತ್ತಿತ್ತು. ಅವನೇನು ಕಲ್ಲಲ್ಲ. ಮಾಳಿಗೆಯ ಕೋಣೆಯಿಂದ ಮುಚ್ಚಳ ತಿರುಗುವ ಸದ್ದು ಕೇಳಿದರೆ ಉಣ್ಣುವ ಕೈ ತಡೆಯುತ್ತಿತ್ತು. ಆ ಚುಚ್ಚಿಗೆ ಅವನಿಗೆ ಗೊತ್ತಿದ್ದ ಔಷಧ ಒಂದೇ, ಕೊಡುವುದು. ಆ ಕೇಂದ್ರಕ್ಕೆ ಏನಾದರೂ ಕೊಟ್ಟುಬಿಡೋಣ ಅಂದುಕೊಂಡ. ಏನು ಕೊಡುವುದು? ಕೇಂದ್ರಕ್ಕೆ ಹೋಗಿ ಕೇಳಿದನೇ? ಕೊಡುವ ದೊಡ್ಡವರು ಕೇಳುತ್ತಾರೆಯೇ? ತಾನೇ ಯೋಚಿಸಿದ. "ಮಾತು ಬಾರದ ಮಕ್ಕಳಂತ. ಕಿವಿಗೆ ಜೋರ್ ಬಿದ್ರ ಅಲ್ಲೇನು ಮಾತು ಬರೂದು? ಮೈಕ್ ಸೆಟ್ ಕೊಡೂಣು."

ನಗಬೇಡಿ. ಅವನು ಪ್ರೀತಿಯಿಂದಲೇ ಯೋಚಿಸಿದ್ದ. ಶಬ್ದ ಕೇಳಿದರೆ ನಡುಗುವ ಮಕ್ಕಳಿಗೆ, ಪ್ರೀತಿಯಿಂದ, ಎರಡು ದೊಡ್ಡ ಹಾರ್ನಿನ ಮೈಕ್ ಸೆಟ್. ಹಾರ್ನಿನ ಬಾಯಿಗೆ ಸುತ್ತಲೂ ಬಣ್ಣದಲ್ಲಿ ಅವನ ಹೆಸರು.

ಶುಕ್ರವಾರ ಒಳ್ಳೆಯ ದಿನ ಅಂತ ಕಾರ್ಯಕ್ರಮ ಗೊತ್ತಾಯಿತು. ಶಾಲೆಯ ಬಯಲಿನಲ್ಲಿ ಪೆಂಡಾಲು, ಬಾಜಾ ಬಜಂತ್ರಿ, ಪಟಾಕಿ ಸರ. ಮುಖ್ಯ ಅತಿಥಿ ಯಾರು? ಬೀಗರಾಗಬೇಕಾಗಿದ್ದ ಮನೆತನದ ಹಿರಿಯರು. ಅಕ್ಕೋರು ಹಿಂದಿನ ದಿನ ಗಿರಣಿಗೇ ಬಂದು ಕೈಮುಗಿದು, "ಸಾವ್ಕಾರ್ರ, ಬಾಜಾ ಬ್ಯಾಡ್ರಿ, ಪಟಾಕಿ ಬ್ಯಾಡ್ರಿ, ಮಕ್ಕಳಿಗೆ ಆಗೂದಿಲ್ರಿ" ಅಂದರು. ಸಾವ್ಕಾರ ಅದನ್ನು ಸಂಕೋಚ ಅಂದುಕೊಂಡ. "ಇರ್ಲಿ ಬಿಡ್ರಿ ಅಕ್ಕೋರ, ಖರ್ಚು ನಮ್ದು" ಅಂದ.

ಸೊಸೆಗೆ ಆ ದಿನ ಕೂಸನ್ನು ಕರೆದೊಯ್ಯಬಾರದು ಅಂತಲೇ ಇತ್ತು. ಆದರೆ ಇಂಥ ಮಕ್ಕಳ ಸತ್ಯ ದೊಡ್ಡದು, ಶುಕ್ರವಾರ ಅಂದರೆ ಶುಕ್ರವಾರ. ಹತ್ತು ಗಂಟೆಗೆ ಕೂಸು ತನ್ನ ಚೀಲ ಹೆಗಲಿಗೆ ಹಾಕಿಕೊಂಡು ಹಿತ್ತಲ ಬಾಗಿಲಿಗೆ ಹಣೆ ಒತ್ತಿ ನಿಂತಿತು. ಬಿಡಿಸಲು ಹೋದರೆ ಚೀರಾಟ. ಕಾರ್ಯಕ್ರಮ ಬಯಲಲ್ಲಿ, ನಾವು ಹಿಂದಿನ ಕೋಣೆಯಲ್ಲಿ ಕದ ಹಾಕಿಕೊಂಡು ಇದ್ದುಬಿಡೋಣ ಅಂತ ಅವಳು ಹೊರಟಳು.

ಬಾಜಾ ಶುರುವಾಯಿತು. ಹಾರ್ನು ಎರಡೂ ಒಮ್ಮೆಲೇ ಕೂಗಿದವು. ಪಟಾಕಿ ಸರ ಹೊತ್ತಿತು. ಸಾವ್ಕಾರ ಶಾಲು ಹಿಡಿದು ಅಕ್ಕೋರನ್ನು ಕರೆಯುತ್ತಾನೆ, ಅಕ್ಕೋರು ಇಲ್ಲ. ಸನ್ಮಾನಕ್ಕೆ ಬರಲಿಲ್ಲವಲ್ಲ ಅಂತ ತಾನೇ ಕರೆಯಲು ಹಿಂದಿನ ಕೋಣೆಗೆ ನಡೆದ. ಬೀಗರೂ ಹಿಂದೆಯೇ ಬಂದರು. ಕದ ತೆಗೆದ.

ಏನು ಕಂಡ? ಏಳೆಂಟು ಮಕ್ಕಳು. ಒಬ್ಬ ಗೋಡೆಗೆ ತಲೆ ಬಡಿದುಕೊಳ್ಳುತ್ತಿದ್ದಾನೆ, ಅವನ ತಾಯಿ ತಲೆಗೂ ಗೋಡೆಗೂ ನಡುವೆ ತನ್ನ ಅಂಗೈ ಇಟ್ಟಿದ್ದಾಳೆ. ಒಬ್ಬಳು ಜಮಖಾನೆ ಹೊದ್ದು ನಡುಗುತ್ತಿದ್ದಾಳೆ. ಅಕ್ಕೋರು ಒಂದು ಕೂಸನ್ನು ತಬ್ಬಿ ಅದರ ಕಿವಿಗಳನ್ನು ತಮ್ಮ ಎರಡು ಕೈಯಿಂದ ಮುಚ್ಚಿದ್ದಾರೆ. ಮೂಲೆಯಲ್ಲಿ ತನ್ನ ಸೊಸೆ. ಮೇಜಿನ ಕೆಳಗೆ, ಮುಂಗೈ ಕಚ್ಚಿಕೊಂಡು, ತನ್ನ ಮೊಮ್ಮಗಳು.

ಸಾವ್ಕಾರನಿಗೆ ಮೊದಲು ಬಂದದ್ದು ಕರುಣೆ ಅಂತ ತಿಳಿದಿರಾ? ಅಲ್ಲ. ಮೊದಲು ಬಂದದ್ದು ಹೆದರಿಕೆ. ಬೀಗರು ಬೆನ್ನ ಹಿಂದೆಯೇ ಇದ್ದಾರೆ. ಅವರು ನೋಡುವುದರೊಳಗೆ ಕೂಸನ್ನು ಎಳೆದು ಸೊಸೆಯ ಸೆರಗಿನ ಮರೆಗೆ ತಳ್ಳಬೇಕು. ಅವನು ಮಂಡಿಯೂರಿ, ಮೇಜಿನ ಕೆಳಗೆ ಕೈ ಚಾಚಿದ. ಕೊಟ್ಟೇ ಗೊತ್ತಿದ್ದ ಕೈ ಅದು. ಆಗ ಅದು ಚಾಚಿದ್ದು ಬಚ್ಚಿಡುವುದಕ್ಕೆ.

ಕೂಸು ಆ ಕೈ ನೋಡಿತು. ತೆರೆದ ಅಂಗೈ ಅಂದರೆ ಏನು ಅನ್ನುವುದನ್ನು ಅದು ಆ ಕೋಣೆಯಲ್ಲಿ ಮೂರು ತಿಂಗಳು ಕಲಿತಿತ್ತು. ತೆರೆದ ಅಂಗೈ ಅಂದರೆ ಕೇಳಿಸಿಕೊಳ್ಳಲು ಯಾರೋ ಇದ್ದಾರೆ. ಕೂಸು ಮೇಜಿನ ಕೆಳಗಿಂದ ತೆವಳಿ ಹೊರಬಂತು. ಅಷ್ಟು ಶಬ್ದದ ನಡುವೆ, ಒಂದು ಕೈಯಿಂದ ಒಂದು ಕಿವಿ ಮುಚ್ಚಿಕೊಂಡು, ಗೋಡೆಯ ತನಕ ಹೋಯಿತು. ಚೀಟಿ ಕಿತ್ತಿತು. ಬಂದು ಅಜ್ಜನ ಅಂಗೈಯಲ್ಲಿಟ್ಟಿತು. ಕೆಂಪು ಹಾಳೆ, ಅದರ ಮೇಲೊಂದು ಅಂಗೈ.

"ಏನಿದು?" ಅಂದ ಸಾವ್ಕಾರ.

"ಸಾಕು ಅನ್ನಾಕತ್ತಾಳ್ರಿ ಮಾವಾರ" ಅಂದಳು ಸೊಸೆ. "ನಿಮಗ ಹೇಳಾಕತ್ತಾಳ್ರಿ."

ಅಯ್ಯಾ, ಆ ಕ್ಷಣವನ್ನು ನಾನು ಹೇಗೆ ಹೇಳಲಿ. ಆರು ವರ್ಷದಲ್ಲಿ ಆ ಕೂಸು ಅಜ್ಜನಿಗೆ ಹೇಳಿದ ಮೊದಲ ಮಾತು. ಸಾವ್ಕಾರ ಅದನ್ನು ಮಾತಿಲ್ಲದ ಕೂಸು ಅಂದುಕೊಂಡಿದ್ದ. ಹೋದ ದೀಪಾವಳಿಯಲ್ಲಿ ಕಿವಿ ಮುಚ್ಚಿ ಚೀರಿದ್ದಳಲ್ಲ, ಸಾಕು ಅಂದಿದ್ದಳು. ಜವಳದ ದಿನ ಕೂದಲು ತೆಗೆಸುವಾಗ ಮುಂಗೈ ಕಚ್ಚಿಕೊಂಡಿದ್ದಳಲ್ಲ, ಸಾಕು ಅಂದಿದ್ದಳು. ಎತ್ತಿಕೊಂಡಾಗ ಕೊಸರಿದ್ದಳಲ್ಲ, ಅದೂ ಅದೇ. ಆರು ವರ್ಷದಿಂದ ಹೇಳುತ್ತಲೇ ಇದ್ದಾಳೆ. ತಾನು ಒಮ್ಮೆಯೂ ಕೇಳಿಲ್ಲ. ಮಾತು ಬಾರದ್ದು ಕೂಸಿಗಲ್ಲ, ಕಿವಿ ಇಲ್ಲದ್ದು ತನಗೆ. ಅವನು ಆ ಕಾಗದದ ತುಂಡನ್ನು ಎರಡೂ ಕೈಯಲ್ಲಿ ಹಿಡಿದ, ತೀರ್ಥ ಹಿಡಿದಂತೆ. ಜೀವಮಾನವೆಲ್ಲ ಕೊಟ್ಟವನು ಅವತ್ತು ಮೊದಲ ಸಲ ಇಸಕೊಂಡ.

ಎದ್ದು ಹೊರಗೆ ಓಡಿದ. ವಯಸ್ಸಾದ ಮನುಷ್ಯ, ಶಾಲು ಎಲ್ಲಿ ಬಿತ್ತೋ. ಬಾಜಾದವರ ಮುಂದೆ ಕೈ ಎತ್ತಿ ನಿಂತ. ಮೈಕಿನ ವೈರನ್ನು ತಾನೇ ಕಿತ್ತ. ಊರಿಗೆ ಊರೇ ಸುಮ್ಮನಾಯಿತು. ಆ ಮೌನದಲ್ಲಿ ಹಿಂದಿನ ಕೋಣೆಯ ಮಕ್ಕಳ ಅಳು ಒಂದೊಂದಾಗಿ ಇಳಿಯುವುದು ಬಯಲಿನ ತನಕ ಕೇಳಿಸಿತು.

ಬೀಗರು ಹತ್ತಿರ ಬಂದು ಕೇಳಿದರು, "ಸಾವ್ಕಾರ್ರ, ಯಾರದರಿ ಆ ಕೂಸು?"

ನಿಮ್ಮ ಮಗಳ ಭವಿಷ್ಯ ಒಂದು ಮಾತಿನ ಮೇಲೆ ನಿಂತಿದೆ ಅಂದುಕೊಳ್ಳಿ. ಯಾರೋ ಬಡವರದು ಅಂದರೆ ಮುಗಿಯಿತು. ಸಾವ್ಕಾರನ ಕೈಯಲ್ಲಿ ಇನ್ನೂ ಆ ಚೀಟಿ ಇತ್ತು.

"ನಮ್ದರಿ" ಅಂದ. "ನನ್ನ ಮಗನ ಮಗಳು. ನನ್ನ ಅವ್ವನ ಹೆಸರಿನಾಕಿ."

ಆಮೇಲೆ ಒಳಗೆ ಹೋಗಿ, ಅಕ್ಕೋರ ಮುಂದೆ ನೆಲದ ಮೇಲೆ ಕುಳಿತ. "ಹೆಸರು ಬರ್ಕೊಳ್ರಿ ಅಕ್ಕೋರ" ಅಂದ. ಅಕ್ಕೋರು ರಿಜಿಸ್ಟರು ತೆಗೆದರು. ಖಾಲಿ ಬಿಟ್ಟ ಸಾಲು ಹಾಗೇ ಇತ್ತು. ನೋಡಿ, ಈ ಕಥೆಯಲ್ಲಿ ನಾನು ಯಾರ ಹೆಸರನ್ನೂ ಹೇಳಿಲ್ಲ. ಬೆಂಚಿನ ಮೇಲೆ, ತಟ್ಟೆಯ ಮೇಲೆ ಅಷ್ಟು ಹೆಸರು ಬರೆಸಿಕೊಂಡ ಸಾವ್ಕಾರನ ಹೆಸರೂ ನನಗೆ ಬೇಡ. ಆ ಸಾಲಿನಲ್ಲಿ ಬರೆದ ಹೆಸರು ಮಾತ್ರ ಹೇಳುತ್ತೇನೆ. ನೀಲಗಂಗಾ.

ಸೋಮವಾರ ಶಿಬಿರ. ತಿಜೋರಿಯ ಕಾಗದವೆಲ್ಲ ಎದೆಗೆ ಒತ್ತಿಕೊಂಡು ಸಾವ್ಕಾರ ಪಾಳಿಯಲ್ಲಿ ನಿಂತಿದ್ದ. ಮುಂದೆ ಗಾರೆ ಕೆಲಸದವನೊಬ್ಬ ಮಗನನ್ನು ಹೆಗಲ ಮೇಲೆ ಹೊತ್ತಿದ್ದ, ಹಿಂದೆ ತರಕಾರಿ ಮಾರುವವಳು. ಜವಾನ ಓಡಿಬಂದು, "ಸಾವ್ಕಾರ್ರ, ನಿಮಗ್ಯಾತರ ಪಾಳಿ, ಒಳಗ ಬರ್ರಿ" ಅಂದ. ಇವನು ಅಂದ, "ಇರ್ಲಿ ಬಿಡೊ. ಪಾಳಿ ಬಂದಾಗ ಬರ್ತೀನಿ." ಮೈಕ್ ಸೆಟ್ಟು ಅಂಗಡಿಗೆ ವಾಪಸ್ ಹೋಯಿತು. ಅದರ ಬದಲು ಕೇಂದ್ರಕ್ಕೆ ಏನು ಬೇಕು ಅಂತ ಈ ಸಲ ಅಕ್ಕೋರನ್ನೇ ಕೇಳಿದ. ಒಂದು ಜೋಕಾಲಿ, ಕಿಟಕಿಗೆ ದಪ್ಪನೆಯ ಪರದೆ ಅಂದರು. ಎರಡೂ ಬಂದವು. ಎರಡರ ಮೇಲೂ ಹೆಸರಿಲ್ಲ.

ಕಿರಿಯ ಮಗಳ ಸಂಬಂಧ ಏನಾಯಿತು? ಕೇಳಬೇಕು ಅಂತ ಬಾಯಿ ತುರಿಸುತ್ತಿದೆ, ನನಗೆ ಗೊತ್ತು. ಹೇಳುವುದಿಲ್ಲ. ಆರು ವರ್ಷದ ಕೂಸು ಮೊದಲ ಸಲ ಮಾತಾಡಿದೆ, ನಿಮಗೆ ಮದುವೆಯ ಚಿಂತೆ. ಸಾವ್ಕಾರನ ರೋಗವೂ ಅದೇ ಆಗಿತ್ತಲ್ಲ?

ಈಗ ನಿಮ್ಮ ಕಡೆ ತಿರುಗುತ್ತೇನೆ. ಸರ್ಕಾರದ್ದು ಅಂದರೆ ನಮಗೆ ಕೀಳು. ಪುಗಸಟ್ಟೆ ಅನ್ನುತ್ತೇವೆ. ಬೆಂಕಿಪೆಟ್ಟಿಗೆ ಕೊಂಡ ಮುದುಕಿಯ ತೆರಿಗೆಯ ಪಾಲೂ ಸರ್ಕಾರಕ್ಕೆ ಸೇರಿದೆ, ಎಣ್ಣೆ ಗಿರಣಿಯವನ ಪಾಲೂ ಸೇರಿದೆ. ಎಲ್ಲರೂ ಹಾಕಿದ್ದು, ಬೇಕಾದವರು ಉಣ್ಣುವುದು. ಇದಕ್ಕೆ ನಮ್ಮಲ್ಲಿ ಒಂದು ಹೆಸರಿದೆ, ಅದು ದಾಸೋಹ. ಈ ಮಠದ ಪಂಕ್ತಿಯಲ್ಲಿ ಕೂತು ಹುಗ್ಗಿ ಉಣ್ಣುವಾಗ ಭಿಕ್ಷೆ ಅಂತ ನಾಚುತ್ತೀರಾ? ಎರಡನೆಯ ಸಲ ಹಾಕಿಸಿಕೊಳ್ಳುತ್ತೀರಿ. ಹಾಗಾದರೆ ನಿಮ್ಮ ಕೂಸಿಗೆ ಬೇಕಾದ ಅಕ್ಕೋರ ಮುಂದೆ ಕೂಡಲು ನಾಚಿಕೆ ಯಾಕೆ?

ನಿಮ್ಮ ಮನೆಯ ತಿಜೋರಿಯಲ್ಲಿ ಅಂಥ ಚೀಟಿ ಇದ್ದರೆ ನಾಳೆ ತೆಗೆಯಿರಿ. ನಾಳೆ ಅಂದರೆ ನಾಳೆ. ನಿಮ್ಮ ಮನೆಯಲ್ಲಿಲ್ಲ, ಪಕ್ಕದ ಮನೆಯಲ್ಲಿದೆಯೇ? ಯಾವ ಜನ್ಮದ ಪಾಪವೋ ಅನ್ನುವ ಮಾತನ್ನು ಇಂದಿಗೆ ನುಂಗಿಬಿಡಿ. ಆ ತಾಯಿಗೆ ಕೇಂದ್ರ ಎಲ್ಲಿದೆ ಹೇಳಿ, ಜೊತೆಗೆ ಒಂದು ದಿನ ಹೋಗಿ ಪಾಳಿಯಲ್ಲಿ ನಿಲ್ಲಿ. ಗ್ರಾಮಸಭೆಯಲ್ಲಿ ಗಟಾರದ ಬಗ್ಗೆ ಒಂದು ತಾಸು ಜಗಳಾಡುತ್ತೀರಿ, ನಮ್ಮ ತಾಲೂಕಿಗೆ ಇಂಥ ಅಕ್ಕೋರು ಎಷ್ಟು ಮಂದಿ ಇದ್ದಾರೆ, ಯಾಕೆ ಇಷ್ಟೇ ಅಂತ ಒಬ್ಬರಾದರೂ ಕೇಳಿ. ಏನಾದರೂ ಕೊಡಬೇಕು ಅನ್ನಿಸಿದರೆ, ಕೊಡುವ ಮೊದಲು ಏನು ಬೇಕು ಅಂತ ಕೇಳಿ. ಮದುವೆ ಮನೆಯಲ್ಲಿ ಡಿಜೆ ಹಚ್ಚುವ ಮೊದಲು ಓಣಿಯಲ್ಲಿ ಯಾರ ಕೂಸು ಕಿವಿ ಮುಚ್ಚಿಕೊಳ್ಳುತ್ತದೆ ಅಂತ ನೆನೆಯಿರಿ.

ಇನ್ನು ನಿನ್ನೆಯ ತಪ್ಪು. ನಿನ್ನೆ ಒಬ್ಬ ತಾಯಿ ತನ್ನ ಮಗನನ್ನು ಕರೆದುಕೊಂಡು ಇಲ್ಲಿಗೆ ಬಂದಿದ್ದಳು. ಜಾಗಟೆ ಬಾರಿಸಿದಾಗ ಆ ಕೂಸು ಚೀರಿತು. ನಮ್ಮವರೊಬ್ಬರು ಎದ್ದು, ಹೊರಗೆ ಕರೆದುಕೊಂಡು ಹೋಗವ್ವಾ, ಪ್ರವಚನ ಕೆಡುತ್ತದೆ ಅಂದರು. ಅವಳು ಹೋಗಿ ಚಪ್ಪಲಿ ಬಿಡುವ ಜಾಗದಲ್ಲಿ ನಿಂತಳು. ನಾನು ಇಲ್ಲಿಂದ ನೋಡಿದೆ. ನೋಡಿಯೂ ಮಾತು ಮುಂದುವರಿಸಿದೆ. ನಿನ್ನೆಯ ವಿಷಯ ದಯೆ ಆಗಿತ್ತು. ಅವರ ತಪ್ಪು ಸಣ್ಣದು, ನನ್ನದು ದೊಡ್ಡದು.

ಅವಳು ಇವತ್ತೂ ಬಂದಿದ್ದಾಳೆ. ಅಲ್ಲೇ ನಿಂತಿದ್ದಾಳೆ. ಯಾರೂ ಹಿಂದೆ ತಿರುಗಿ ನೋಡಬೇಡಿ, ನೋಡಿದರೆ ಅವಳಿಗೆ ಮುಜುಗರ. ಇವತ್ತಿನ ಮಂಗಳಾರತಿಗೆ ಜಾಗಟೆ ಬೇಡ, ಜಯಘೋಷ ಬೇಡ. ಬಲಗಡೆಯ ಕಂಬದ ಹತ್ತಿರ ಇರುವವರು ಸ್ವಲ್ಪ ಸರಿದು ಜಾಗ ಮಾಡಿ. ಈ ಮೈಕನ್ನು ನಾನೇ ಆರಿಸುತ್ತೇನೆ.

ಒಳಗ ಬಾ ತಂಗಿ. ಕೂಸನ್ನ ಕರಕೊಂಡು ಬಾ.